ಬಲಗಡೆಯ ಗಿರಕಿ

ಮೊನ್ನೆ ನನ್ನ ಸೊಸೆ ಕೀಲಿಕೈಗಳ ಗೊಂಚಲು ಹಿಡಿದುಕೊಂಡು ಬಂದಳು. "ಅತ್ಯಾ, ಇದು ಯಾವ ಕೀಲಿದರಿ? ಕಪಾಟು, ಟ್ರಂಕು, ಹಿತ್ತಲ ಬಾಗಲಾ, ಎಲ್ಲಾದಕ್ಕೂ ಹಾಕಿ ನೋಡಿದೆ. ಯಾವುದಕ್ಕೂ ಕೂಡವಲ್ಲದು," ಎಂದಳು.

ನೋಡಿದೆ. ಬೆರಳುದ್ದದ ಕಬ್ಬಿಣದ ತುಂಡು, ತುದಿಗೆ ಚೌಕಾದ ತೂತು. ನನಗೆ ಒಮ್ಮೆಲೇ ನಗು ಬಂತು. "ಅದು ಕೀಲಿದಲ್ಲವ್ವಾ, ನನ್ನ ಕಾಲಿಂದು," ಎಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಚಹಾ ಮಾಡ್ಲೇನ್ರಿ?" ಎಂದು ಒಳಗೆ ಹೋದಳು. ವಯಸ್ಸಾದವರು ತಲೆಬುಡವಿಲ್ಲದ ಮಾತಾಡಿದರೆ ನಮ್ಮ ಕಡೆ ಚಹಾ ಮಾಡುತ್ತಾರೆ.

ನೀವಾದರೂ ಎದ್ದು ಹೋಗಬೇಡಿ. ಆಗಿನ ಕಾಲದ ಸ್ಕೇಟು ಎಂದರೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಕಬ್ಬಿಣದ ತಗಡು. ಅದಕ್ಕೆ ನಾಲ್ಕು ಗಾಲಿ, ಹಿಂದೆ ಚರ್ಮದ ಪಟ್ಟಿ, ಮುಂದೆ ಬೂಟಿನ ಅಂಚನ್ನು ಕಚ್ಚಿ ಹಿಡಿಯುವ ಎರಡು ಹಲ್ಲು. ಆ ಹಲ್ಲು ಬಿಗಿ ಮಾಡಲಿಕ್ಕೆ ಈ ಕೀಲಿಕೈ. ಹೌದು, ನಾನು ಸ್ಕೇಟಿಂಗ್ ಮಾಡುತ್ತಿದ್ದೆ. ಬರೀ ಓಡಾಡುವುದಲ್ಲ, ನಿಂತಲ್ಲೇ ಗಿರಕಿ ಹೊಡೆಯುತ್ತಿದ್ದೆ. ಅದೂ ಹುಬ್ಬಳ್ಳಿಯಲ್ಲಿ! ಹುಬ್ಬಳ್ಳಿಯಲ್ಲಿ ಬರ್ಫ ಎಂದರೆ ಶರಬತ್ತಿನ ಅಂಗಡಿಯಲ್ಲಿ ಕಟ್ಟಿಗೆಯ ಹೊಟ್ಟಿನೊಳಗೆ ಹೂತಿಟ್ಟ ಗಡ್ಡೆ, ಅಷ್ಟೇ. ನಾವು ಜಾರಿದ್ದು ಸಾಗವಾನಿಯ ನೆಲದ ಮೇಲೆ. ಮುದುಕಿ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅನ್ನುತ್ತೀರಾ? ಅನ್ನಿ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುವವಳಿಗೆ ಜಂಬಪಡಲಿಕ್ಕೆ ಅಷ್ಟಾದರೂ ಇರಲಿ.

ನನ್ನ ತಾಯಿಯ ಕಡೆಯವರೆಲ್ಲ ಹಾಡಿನವರು. ಧಾರವಾಡದಲ್ಲಿದ್ದ ಸೋದರಮಾವನ ಮಕ್ಕಳು ತೊಟ್ಟಿಲಲ್ಲಿ ಅತ್ತಾಗಲೂ ಸ್ವರ ತಪ್ಪುತ್ತಿರಲಿಲ್ಲವೆಂದು ಅವರ ತಾಯಿ ಹೇಳುತ್ತಿದ್ದಳು. ನಾನು ಹಾರ್ಮೋನಿಯಮ್ ಪೇಟಿಯ ಮುಂದೆ ಕೂತು ಸಾ ಹಿಡಿದರೆ ಮಾವ ತಾಳ್ಮೆಯಿಂದ ಕೇಳಿ, "ಛಲೋ ಆತು ಕೃಷ್ಣೀ, ಇನ್ನ ಹೊರಗ ಆಡಿಕೋ ಹೋಗು," ಎನ್ನುತ್ತಿದ್ದ. ರಂಗೋಲಿ ಹಾಕಿದರೆ ಗೆರೆ ಹೊಸ್ತಿಲು ದಾಟಿ ಓಣಿಗೆ ಹೋಗುತ್ತಿತ್ತು. ಹೋಳಿಗೆ ಲಟ್ಟಿಸಿದರೆ ಅದು ಯಾವುದಾದರೊಂದು ದೇಶದ ನಕಾಶೆ ಆಗುತ್ತಿತ್ತು. ಹಬ್ಬಕ್ಕೆಂದು ಎಲ್ಲರೂ ಸೇರಿದಾಗ ಒಬ್ಬೊಬ್ಬ ಹುಡುಗಿಯ ಗುಣ ಹೊಗಳುತ್ತ ಹೊಗಳುತ್ತ ನನ್ನ ಹತ್ತಿರ ಬಂದು ಮಾತು ನಿಲ್ಲುತ್ತಿತ್ತು. "ಕೃಷ್ಣಿ ಉಣ್ಣೋದು ಛಲೋ ಉಣ್ತಾಳ," ಎಂದು ಒಮ್ಮೆ ಅತ್ತೆ ಹೇಳಿದ್ದಳು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅಂದು ನಾನು ಊಟ ಬಿಟ್ಟಿದ್ದೆ. ಆ ಹೊಗಳಿಕೆಯೂ ಹೋಯಿತು.

ಅಪ್ಪ ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಕಾರಕೂನ. ನಾವು ಇದ್ದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ: ಅಪ್ಪ, ಅವ್ವ, ಅಪ್ಪನ ತಾಯಿ ಅಂಬಕ್ಕಜ್ಜಿ ಮತ್ತು ನಾನು. ನಮ್ಮ ಸಾಲಿನ ಹಿಂದೆ ಒಂದು ರಸ್ತೆ, ಅದರ ಆಚೆ ಆಂಗ್ಲೋ-ಇಂಡಿಯನ್ ಎಂಜಿನ್ ಡ್ರೈವರುಗಳ ಮನೆಗಳು. ಅಲ್ಲಿದ್ದವಳು ಡೇಜಿ. ಅವಳ ಅಪ್ಪ ಮೇಲ್ ಗಾಡಿಯ ಡ್ರೈವರ್. ಮನೆಯಲ್ಲಿ ಇಂಗ್ಲಿಷು, ಓಣಿಯಲ್ಲಿ ನಮಗಿಂತ ಖಡಕ್ಕಾದ ಹುಬ್ಬಳ್ಳಿ ಕನ್ನಡ. ಎದುರಿಗೆ ಯಾರಿದ್ದರೂ, ಹುಡುಗಿಯಿರಲಿ, ಆಡಿನ ಮರಿಯಿರಲಿ, ಮಾತಿನ ಕೊನೆಗೆ ಒಂದು "ಮ್ಯಾನ್" ಸೇರಿಸುವುದು ಅವಳ ರೂಢಿ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಸಂಜೆ ಸ್ಕೇಟು ಕಟ್ಟಿಕೊಂಡು ಡಾಂಬರಿನ ರಸ್ತೆಯ ಮೇಲೆ ಗರಗರ ಎಂದು ಹೋಗುತ್ತಿದ್ದಳು. ನಾನು ಉಟ್ಟ ಪರಕಾರದ ನೆರಿಗೆ ಎತ್ತಿಕೊಂಡು ಅವಳ ಹಿಂದೆ ಓಡುತ್ತಿದ್ದೆ. ಒಂದು ದಿನ ಅವಳು ನಿಂತು, "ಎಷ್ಟಂತ ಓಡ್ತಿ ಮ್ಯಾನ್? ಬಾ, ಕಾಲು ಕೊಡು," ಎಂದಳು.

ತನ್ನ ಹಳೆಯ ಸ್ಕೇಟು, ಚಿಕ್ಕಂದಿನ ಬೂಟು ತಂದು ಕೊಟ್ಟಳು. ಅದೂ ನನಗೆ ದೊಡ್ಡದು. ತುದಿಗೆ ಅರಳೆ ತುರುಕಿಕೊಂಡೆ. ಹುಬ್ಬಳ್ಳಿಯಲ್ಲಿ ಅರಳೆಗೆ ಏನು ಬರ? ಗಾಲಿಗೆ ಎಣ್ಣೆ ಬೇಕು ಎಂದಾಗ ಅಡಿಗೆಮನೆಯಿಂದ ಕುಸುಬಿ ಎಣ್ಣೆ ತಂದೆ. ಚರ್ಮದ ಪಟ್ಟಿ ಇದ್ದದ್ದರಿಂದ ಅಜ್ಜಿ ಸ್ಕೇಟನ್ನು ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದರ ಜಾಗ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಿನ ಪಕ್ಕಕ್ಕೆ. ನಾನು ಆಡಿ ಬಂದರೆ ಕಾಲು ತೊಳೆದು, ಅವಳಿಂದ ಮಾರುದೂರ ಕೂಡಬೇಕು. "ಗಾಲಿ ಕಟಗೊಂಡು ಎಲ್ಲಿಗೆ ಹೋಗಬೇಕಾಗೇದ ಇಕಿಗೆ? ಮನ್ಯಾಗ ರೈಲ್ವೇದವ್ರು ಒಬ್ಬರು ಸಾಲದೇನು?" ಎಂದು ಅವ್ವನ ಹತ್ತಿರ ಗೊಣಗುತ್ತಿದ್ದಳು. ಆದರೆ ಬೇಡ ಅನ್ನಲಿಲ್ಲ.

ಕಾಲನಿಯ ನಡುವೆ ಇನ್‌ಸ್ಟಿಟ್ಯೂಟು ಇತ್ತು. ಸಾಹೇಬರ ಮತ್ತು ಡ್ರೈವರುಗಳ ಮನೆಯವರು ಕುಣಿಯುವ, ಇಸ್ಪೀಟು ಆಡುವ ಜಾಗ. ನಮ್ಮಂಥ ಕಾರಕೂನರ ಮಕ್ಕಳು ಅದರ ಕಿಡಕಿ ನೋಡಿದ್ದೆವು, ಅಷ್ಟೇ. ಎರಡನೆಯ ಮಹಾಯುದ್ಧದ ದಿನಗಳು ಬಂದವು. ತರುಣರೆಲ್ಲ ಪಲ್ಟನ್ನಿಗೆ ಹೋಗಿ ಕುಣಿತ ಕಡಿಮೆಯಾಯಿತು. ಶನಿವಾರ ಮುಂಜಾನೆ ಅಲ್ಲಿ ಕುಣಿಯುವ ದೊಡ್ಡ ಹಾಲ್ ಅನ್ನು ಸ್ಕೇಟಿಂಗಿಗೆ ಬಿಡುತ್ತಿದ್ದರು. ಡೇಜಿ ನನ್ನನ್ನು ಪಕ್ಕದ ಬಾಗಿಲಿಂದ ಒಳಗೆ ಕರೆದೊಯ್ದಳು.

ಆ ನೆಲದ ವಿಷಯ ಹೇಗೆ ಹೇಳಲಿ? ಸಾಗವಾನಿಯ ಉದ್ದುದ್ದ ಹಲಗೆ, ಮೇಣ ತಿಕ್ಕಿ ತಿಕ್ಕಿ ಜೇನಿನ ಬಣ್ಣಕ್ಕೆ ಬಂದದ್ದು. ರಸ್ತೆಯ ಮೇಲೆ ಗರಗರ ಎನ್ನುತ್ತಿದ್ದ ಗಾಲಿ ಅದರ ಮೇಲೆ ಗುಂಯ್ ಎನ್ನುತ್ತಿತ್ತು. ಒಂದು ಸಲ ಕಾಲು ಒತ್ತಿದರೆ ಸಾಕು, ದೇಹ ತಾನೇ ಸಾಗುತ್ತಿತ್ತು. ಎಂದೂ ಸ್ವರ ಹಿಡಿಯಲು ಬಾರದ ನನಗೆ, ಮಾವನ ಮಕ್ಕಳು ಹಾಡುವಾಗ ಕಣ್ಣು ಯಾಕೆ ಮುಚ್ಚುತ್ತಾರೆ ಎಂಬುದು ಅಂದು ಗೊತ್ತಾಯಿತು. ಆ ನೆಲ ನನಗೆ ಬೇಕು ಅನ್ನಿಸಿತು. ಹಾಗೆ ಬೇಕು ಅನ್ನಿಸಿದ ವಸ್ತು ಆಮೇಲೆ ನನ್ನ ಜೀವನದಲ್ಲಿ ಬಹಳ ಇಲ್ಲ.

ಕೆಲವು ವಾರಗಳಲ್ಲೇ ಯಾರೋ ತಕರಾರು ಮಾಡಿದರು, ಕಾರಕೂನನ ಮಗಳು ಒಳಗೆ ಬರುತ್ತಾಳೆ ಅಂತ. ಡೇಜಿಗೆ ಬೈಗಳಾಯಿತು. ನಾನು ಮನೆಗೆ ಬಂದು ಬಾಯಿ ಬಿಟ್ಟು ಅತ್ತೆ. ಅಪ್ಪ ಮರುದಿನ ಬೆಳಿಗ್ಗೆ ರುಮಾಲು ಸುತ್ತಿಕೊಂಡು, ಆಫೀಸಿನ ಹೊತ್ತಿಗೆ ಮೊದಲೇ ಇನ್‌ಸ್ಟಿಟ್ಯೂಟಿನ ಸೆಕ್ರೆಟರಿ ಸಾಹೇಬರ ಬಂಗಲೆಗೆ ಹೋದ. ತನಗಾಗಿ ಒಂದು ದಿನದ ರಜೆ ಕೂಡ ಬಾಯಿ ಬಿಟ್ಟು ಕೇಳದ ಮನುಷ್ಯ. ಸಾಹೇಬರು ಮಾತು ಮುಗಿಸುವ ಮೊದಲೇ "ಯಸ್ ಸರ್" ಎನ್ನುವುದು ಅವನ ಸ್ವಭಾವ. ಅಂಥವನು ಅಂದು ವರಾಂಡದಲ್ಲಿ ಎಷ್ಟು ಹೊತ್ತು ನಿಂತಿದ್ದನೋ. ಸಂಜೆ ಬಂದು ಹೇಳಿದ: "ಅವರ ಕ್ರಿಸ್ಮಸ್ ಹಬ್ಬ ನಾತಾಳದ ಮುಂದ ಅಲ್ಲಿ ಹುಡುಗರ ಜಲಸಾ ಅದ. ಎಲ್ಲಾ ಹುಡುಗರೂ ಒಬ್ಬೊಬ್ಬರಾಗಿ ಗಿರಕಿ ಹೊಡದು ತೋರಸ್ತಾರ. ನೀನೂ ತೋರಸಬೇಕಂತ. ಅಲ್ಲೀತನಕ ಶನಿವಾರ ಕಲೀಲಿಕ್ಕೆ ಬಿಡ್ತಾರ. ಬಂದ್ರ ಮುಂದನೂ ಹೋಗಬಹುದು. ಬರಲಿಲ್ಲಂದ್ರ ಮುಗೀತು."

"ಬರ್ತದಪ್ಪಾ," ಎಂದೆ. ಗಿರಕಿ ಎಂದರೇನು ಎಂದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಿದೆ ಎಂದುಕೊಂಡಿದ್ದೆ. ಯಾಕೆಂದರೆ ನಾನು ಫುಗಡಿಯಲ್ಲಿ ಗಟ್ಟಿಗಿತ್ತಿ. ಪಂಚಮಿ ಬಂತೆಂದರೆ ನಮ್ಮ ಸಾಲಿನ ಹುಡುಗಿಯರೆಲ್ಲ ನನಗೆ ಕೈ ಕೊಡಲಿಕ್ಕೆ ಹೆದರುತ್ತಿದ್ದರು. ಕೈಗೆ ಕೈ ಅಡ್ಡಡ್ಡ ಹಿಡಿದು, ಪಾದಕ್ಕೆ ಪಾದ ಕೂಡಿಸಿ, ಹಿಂದಕ್ಕೆ ಬಾಗಿ ಗರಗರ ತಿರುಗಿದರೆ ಎದುರಿನವಳ ಹೆರಳು ಬಿಚ್ಚಿ ಹಾರಬೇಕು. ಗಿರಕಿಯೂ ಅದೇ ಅಲ್ಲವೇ ಎಂದು ಧೈರ್ಯವಾಗಿ ನೆಲದ ನಡುವೆ ನಿಂತು, ಫುಗಡಿಯ ಹಾಗೆಯೇ ಹಿಂದಕ್ಕೆ ಬಾಗಿ ತಿರುಗಿದೆ. ಎದುರಿಗೆ ಹಿಡಿಯುವ ಕೈ ಇರಲಿಲ್ಲ ಎಂಬುದು ತಲೆ ನೆಲಕ್ಕೆ ಬಡಿದ ಮೇಲೆ ನೆನಪಾಯಿತು.

"ಯಾರಿಗೆ ಜೋತು ಬಿದ್ದೀ ಮ್ಯಾನ್? ಇಲ್ಲಿ ನೀ ಒಬ್ಬಾಕಿನೇ. ನೆಟ್ಟಗ ನಿಂದ್ರು," ಎಂದಳು ಡೇಜಿ.

ಅವಳು ಕಲಿಸಿದ ರೀತಿ ಹೀಗೆ. ಕಾಲು ಸ್ವಲ್ಪ ಅಗಲಿಸಿ ನಿಲ್ಲಬೇಕು. ಮೊಣಕಾಲು ಬಗ್ಗಿಸಬೇಕು. ಕೈ ಎರಡೂ ಕಡೆ ಚಾಚಿ, ಮೊದಲು ಹೆಗಲನ್ನು ಬಲಕ್ಕೆ ತಿರುಚಿ, ಆಮೇಲೆ ಒಮ್ಮೆಲೇ ಎಡಕ್ಕೆ ಬಿಡಬೇಕು. ಒಂದು ಪಾದದ ಮುಂದಿನ ಗಾಲಿ, ಇನ್ನೊಂದರ ಹಿಂದಿನ ಗಾಲಿ, ಇವುಗಳ ಮೇಲೆ ಭಾರ. ತಿರುಗಲಿಕ್ಕೆ ಹತ್ತಿದ ಕೂಡಲೇ ಚಾಚಿದ ಕೈಗಳನ್ನು ಎದೆಗೆ ತರಬೇಕು. ಆಗ ವೇಗ ತಾನೇ ಏರುತ್ತದೆ. ಅವಳು ಮಾಡಿ ತೋರಿಸಿದಾಗ ಕೂದಲಿನ ಬಣ್ಣವಷ್ಟೇ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ನಾನು ಎಡಕ್ಕೆ ಹೆಗಲು ಬಿಟ್ಟ ಕೂಡಲೇ ಬೀಳುತ್ತಿದ್ದೆ. ನೆಟ್ಟಗೆ ನಿಂತರೂ ಬೀಳುತ್ತಿದ್ದೆ, ಬಗ್ಗಿ ನಿಂತರೂ ಬೀಳುತ್ತಿದ್ದೆ. ಹೆಗಲು ಎಡಕ್ಕೆ ಹೋದರೆ ಸೊಂಟ ನಾನು ಬರುವುದಿಲ್ಲ ಎನ್ನುತ್ತಿತ್ತು. ಅರ್ಧ ಸುತ್ತು ಆಗುವಷ್ಟರಲ್ಲಿ ಒಂದು ಕಾಲು ಧಾರವಾಡದ ಕಡೆ, ಇನ್ನೊಂದು ಗದಗಿನ ಕಡೆ. ಮನೆಯಲ್ಲಿ ಅವ್ವ ಅರಿಸಿನ ಕಲಸಿ ಹಚ್ಚಿ ಹಚ್ಚಿ, "ಮೈಯೆಲ್ಲಾ ಮದಿವಿ ಮದುಮಗಳಂಗ ಆಗೇದ," ಎಂದಳು. ನಾತಾಳ ಹತ್ತಿರ ಬರತೊಡಗಿತು. ಅಪ್ಪ ಪ್ರತಿ ಶನಿವಾರ ಸಂಜೆ, "ಹೆಂಗ ನಡದದ?" ಎಂದು ಕೇಳುತ್ತಿದ್ದ. ನಾನು "ಛಲೋ ನಡದದ" ಎನ್ನುತ್ತಿದ್ದೆ. ಅವನ ಆಫೀಸಿನವರು, "ಏನ್ರೀ, ಮಗಳು ಇಂಗ್ಲಿಷ್ ಮಡ್ಡಮ್ಮ ಆದಳಂತ?" ಎಂದು ಚೇಷ್ಟೆ ಮಾಡುತ್ತಿದ್ದಾರೆಂದು ಅವ್ವನಿಂದ ಕೇಳಿದ್ದೆ. ನಾನು ಬಿದ್ದರೆ ನೆಲ ಹೋಗುವುದು ನನಗೆ. ಮಾತು ಹೋಗುವುದು ಅಪ್ಪನಿಗೆ.

ಇನ್ನು ದೇವರ ವಿಷಯಕ್ಕೆ ಬರುತ್ತೇನೆ. ಸ್ಕೇಟಿಂಗಿನಲ್ಲಿ ದೇವರು ಎಲ್ಲಿಂದ ಬಂದ ಎನ್ನಬೇಡಿ, ನಮ್ಮ ಮನೆಯಲ್ಲಿ ಅವನು ಎಲ್ಲದರಲ್ಲೂ ಬರುತ್ತಿದ್ದ. ಆ ಕ್ವಾರ್ಟರ್ಸಿನಲ್ಲಿ ದೇವರ ಮನೆ ಎಂದರೆ ಅಡಿಗೆಮನೆಯ ಗೋಡೆಯಲ್ಲಿ ಒಂದು ಗೂಡು. ಸುತ್ತಲೂ ಪ್ರದಕ್ಷಿಣೆ ಹಾಕಲಿಕ್ಕೆ ಜಾಗ ಎಲ್ಲಿ? ಹಾಗಾಗಿ ನಿಂತಲ್ಲೇ, ಕೈ ಜೋಡಿಸಿಕೊಂಡು, ನಮ್ಮ ಸುತ್ತ ನಾವೇ ತಿರುಗುವುದು. ಆತ್ಮಪ್ರದಕ್ಷಿಣೆ. ಅದನ್ನು ಮಾಡಿ, ನಮಸ್ಕಾರ ಹಾಕಿದ ಹೊರತು ಅಂಬಕ್ಕಜ್ಜಿ ತಾಟು ಮುಂದಿಡುತ್ತಿರಲಿಲ್ಲ. ನಡೆಯಲು ಕಲಿತಾಗಿನಿಂದ ನನ್ನ ಹೆಗಲು ಹಿಡಿದು, "ಬಲಕ್ಕ, ಬಲಕ್ಕ," ಎಂದು ತಿರುಗಿಸಿದವಳು ಅವಳು. ಎಡಕ್ಕೆ ಸುತ್ತುವುದು ಮಸಣದ ಕೆಲಸಕ್ಕೆ ಮಾತ್ರ. ತಪ್ಪಿ ಎಡಕ್ಕೆ ತಿರುಗಿದರೆ ಅಜ್ಜಿಯ ಕೈ ಬೆನ್ನ ಮೇಲೆ ಬರುತ್ತಿತ್ತು.

ಒಂದು ಬೆಳಿಗ್ಗೆ ಶಾಲೆಗೆ ಹೊತ್ತಾಗಿತ್ತು. ಹಸಿವೆ ಬೇರೆ. ಕೈ ಜೋಡಿಸಿ ಲಗೂ ಲಗೂ ತಿರುಗಿಬಿಟ್ಟೆ. ಹಿಂದಿನಿಂದ ಅಜ್ಜಿ, "ಏನದು ದೇವರ ಮುಂದ ಬಗರಿ ಹಂಗ ತಿರಗೂದು? ಸಾವಕಾಶ!" ಎಂದು ಗದರಿದಳು.

ನಾನು ಅಲ್ಲೇ ನಿಂತುಬಿಟ್ಟೆ. ಬಗರಿಯ ಹಾಗೆ ತಿರುಗಿದ್ದೆನೇ? ಬಿದ್ದಿರಲಿಲ್ಲ. ತಲೆ ತಿರುಗಿರಲಿಲ್ಲ. ಕೈ ಎದೆಯ ಹತ್ತಿರವೇ ಇತ್ತು, ಡೇಜಿ ಕೈ ತಾ, ಕೈ ತಾ ಎಂದು ಬಡಿದುಕೊಳ್ಳುತ್ತಿದ್ದ ಜಾಗದಲ್ಲೇ. ಬಲಕ್ಕೆ! ಹುಟ್ಟಿದಾಗಿನಿಂದ ದಿನಾ ಬಲಕ್ಕೆ ತಿರುಗಿದ ಮೈ ಎಡಕ್ಕೆ ಹೇಗೆ ಒಪ್ಪೀತು? ಬೆನ್ನ ಮೇಲೆ ಏಟು ಬೀಳುತ್ತದೆ ಎಂದು ಅದಕ್ಕೆ ಗೊತ್ತಿತ್ತಲ್ಲ! ನಾನು ಇನ್ನೊಮ್ಮೆ ತಿರುಗಿದೆ, ಮತ್ತೊಮ್ಮೆ ತಿರುಗಿದೆ. "ಇವತ್ತ ಏನ ಭಕ್ತಿ ಬಂದದ ಇಕಿಗೆ," ಎಂದು ಅಜ್ಜಿ ಬೆರಗಾಗಿ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು.

ಶನಿವಾರ ಡೇಜಿಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಉಲ್ಟಾ ಆಗ್ತದ ಮ್ಯಾನ್. ಎಲ್ಲಾರೂ ಲೆಫ್ಟ್ ತಿರಗತಾರ."

"ನಮ್ಮ ಮನ್ಯಾಗ ಎಲ್ಲಾರೂ ರೈಟ್," ಎಂದೆ.

ನೆಲದ ನಡುವೆ ಹೋಗಿ ನಿಂತೆ. ಹೆಗಲನ್ನು ಎಡಕ್ಕೆ ತಿರುಚಿ ಬಲಕ್ಕೆ ಬಿಟ್ಟೆ. ಸೊಂಟ ತಕರಾರಿಲ್ಲದೆ ಜೊತೆಗೆ ಬಂತು. ಕೈ ತಾನಾಗಿ ಎದೆಗೆ ಬಂದು ಜೋಡಿಸಿಕೊಂಡಿತು. ಕಿಡಕಿ, ಪಿಯಾನೊ, ಡೇಜಿ, ಬಾಗಿಲು ಎಲ್ಲ ಒಂದೇ ಪಟ್ಟಿಯಾಗಿ ಸರಿದವು. ನಿಂತಾಗ ನಾನು ಕಾಲ ಮೇಲೇ ಇದ್ದೆ. ಡೇಜಿ ಕೂಗಿಕೊಂಡು ಬಂದು ಅಪ್ಪಿಕೊಂಡಳು. ಅದೇನು ಮಹಾ ಎಂದು ತಾನೂ ಬಲಕ್ಕೆ ತಿರುಗಲು ಹೋಗಿ ಧಪ್ಪೆಂದು ಬಿದ್ದಳು. ಅವಳು ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಮತ್ತು ಆ ಸಂತೋಷ ಇನ್ನೂ ಮಾಸಿಲ್ಲ.

ಆದರೆ ಎದ್ದು ಕೂತು ಅವಳೇ ಹೇಳಿದಳು, "ಸೆಕ್ರೆಟರಿ ಇದನ್ನ ಗಿರಕಿ ಅಂತಾರೋ ಇಲ್ಲೋ, ನಂಗ ಗೊತ್ತಿಲ್ಲ ನೋಡು. ಈ ನೆಲದ ಮ್ಯಾಲ ಎಲ್ಲಾ ಎಡಕ್ಕನ." ಎಡಕ್ಕೆ ತಿರುಗಿದರೆ ಬೀಳುವುದು ಖಂಡಿತ. ಬಲಕ್ಕೆ ತಿರುಗಿದರೆ ತಪ್ಪು ಎನ್ನಬಹುದು. ನಾನು ಬಲಕ್ಕೇ ತಿರುಗುತ್ತೇನೆ ಎಂದೆ.

ಜಲಸಾದ ದಿನ ಅವ್ವ ನನ್ನ ಖಣದ ಪರಕಾರದ ಅಂಚನ್ನು ಮಡಿಚಿ ಹೊಲಿದು, ಗಾಲಿಗೆ ಸಿಗದಷ್ಟು ಮೇಲೆ ಮಾಡಿಕೊಟ್ಟಳು. ಡೇಜಿಯ ತಾಯಿ ಫ್ರಾಕು ಕೊಡುತ್ತೇನೆ ಎಂದಿದ್ದಳು, ಅಜ್ಜಿ ಆ ಮಾತು ಎತ್ತಗೊಡಲಿಲ್ಲ. ಹೊರಡುವ ಹೊತ್ತಿಗೆ ನೋಡಿದರೆ ಅಜ್ಜಿಯೂ ಬಾಗಿಲಲ್ಲಿ ತಯಾರಾಗಿ ನಿಂತಿದ್ದಾಳೆ! "ನಮ್ಮ ಹುಡುಗಿ ಎಲ್ಲಿ ಬೀಳತದ, ನಾ ನೋಡಬಾರದೇನು?" ಎಂದಳು. ಹಾಲಿನಲ್ಲಿ ಹಿಂದಿನ ಸಾಲಿನ ಕುರ್ಚಿಯ ಮೇಲೆ ತನ್ನ ಮಡಿಯ ಉಣ್ಣೆಯ ಧಾಬಳಿ ಹಾಸಿಕೊಂಡು, ಯಾರಿಗೂ ಮೈ ತಾಗದ ಹಾಗೆ ಮುದುಡಿ ಕೂತಳು. ಅವಳ ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ಅಪ್ಪ. ಮುಂದಿನ ಸಾಲಿನಲ್ಲಿ ಸೆಕ್ರೆಟರಿ ಸಾಹೇಬರು.

ಒಬ್ಬೊಬ್ಬರಾಗಿ ಮಕ್ಕಳು ಬಂದರು. ಪಿಯಾನೊ ಬಾರಿಸಿದಂತೆ ಎಡಕ್ಕೆ ತಿರುಗಿದರು, ಚಪ್ಪಾಳೆ ತಗೊಂಡು ಹೋದರು. ಕೊನೆಗೆ ನಾನು. ನೆಲದ ನಡುವಿಗೆ ಬರುವಾಗ ಅಪ್ಪನ ಕಡೆ ನೋಡಿದೆ. ಅವನು ತನ್ನ ಬೂಟನ್ನೇ ನೋಡುತ್ತಿದ್ದ.

ಹೆಗಲು ತಿರುಚಿದೆ. ಬಿಟ್ಟೆ.

ಪರಕಾರ ಕೊಡೆಯ ಹಾಗೆ ಬಿಚ್ಚಿಕೊಂಡಿತು. ಕೈ ಜೋಡಿಸಿದಾಗ ವೇಗ ಏರಿತು, ಹೆರಳು ಕೆನ್ನೆಗೆ ಬಡಿಯಿತು. ಹೆದರಿಕೆ ಇರಲಿಲ್ಲ. ನಾನು ನಿಂತೆ. ನಿಂತವಳು ಸುಮ್ಮನೆ ಹೋಗಬೇಕಲ್ಲ? ರೂಢಿಯ ಬಲ ನೋಡಿ: ಪ್ರದಕ್ಷಿಣೆ ಆಯಿತೆಂದರೆ ನಮಸ್ಕಾರ. ಸ್ಕೇಟಿನ ಸಮೇತ ಮೊಣಕಾಲೂರಿ, ಹಣೆಯನ್ನು ಆ ಸಾಗವಾನಿಗೆ ಹಚ್ಚಿಬಿಟ್ಟೆ.

ಹುಡುಗಿ ಬಿದ್ದಳೇ? ತಿರುಗಿದ್ದು ತಪ್ಪು ದಿಕ್ಕಿಗೆ ಅಲ್ಲವೇ? ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ನಾನು ತಲೆ ಎತ್ತಿದಾಗ ಸೆಕ್ರೆಟರಿ ಸಾಹೇಬರ ಹುಬ್ಬು ಗಂಟಿಕ್ಕಿತ್ತು. ಮುಗಿಯಿತು ಎಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ಒಂದು ಕೂಗು ಬಂತು. "ವನ್ಸ್ ಮೋರ್!"

ಅಂಬಕ್ಕಜ್ಜಿ! ಎದ್ದು ನಿಂತಿದ್ದಳು. ಅಜ್ಜಿಗೆ ಬರುತ್ತಿದ್ದ ಇಂಗ್ಲಿಷು ಅದಿಷ್ಟೇ, ನಾಟಕ ಕಂಪನಿಯ ತಂಬುವಿನಲ್ಲಿ ಕಲಿತದ್ದು. ಅಲ್ಲಿ ಒಳ್ಳೆಯ ಹಾಡು ಬಂತೆಂದರೆ ಜನ ಹಾಗೆ ಕೂಗಿ ಮತ್ತೆ ಹಾಡಿಸುತ್ತಿದ್ದರು. ಅವ್ವ ಸೆರಗು ಹಿಡಿದು ಜಗ್ಗಿದರೂ ಕೂಡಲಿಲ್ಲ. "ಕೃಷ್ಣೀ, ಇನ್ನೊಮ್ಮೆ ತಿರಗು! ಹೆದರಿ ಕಣ್ಣ ಮುಚ್ಚಿಕೊಂಡಿದ್ದೆ, ನಾ ನೋಡೇ ಇಲ್ಲ!"

ಡ್ರೈವರುಗಳ ಸಾಲಿನಲ್ಲಿ ಕನ್ನಡ ತಿಳಿಯುವವರೆಲ್ಲ ಗೊಳ್ಳೆಂದು ನಕ್ಕರು. ಡೇಜಿಯ ಅಪ್ಪ ತಾನೂ "ವನ್ಸ್ ಮೋರ್" ಎಂದು ಕೂಗಿದ. ಇಡೀ ಸಾಲು ಕೂಗಿತು. ಪಿಯಾನೊದವಳು ಸೆಕ್ರೆಟರಿ ಸಾಹೇಬರ ಕಡೆ ನೋಡಿದಳು. ಅವರು ಹೆಗಲು ಹಾರಿಸಿ, ಆಗಲಿ ಎಂದು ಕೈ ಮಾಡಿದರು.

ಎರಡನೆಯ ಸಲದ ಗಿರಕಿ ಮೊದಲನೆಯದಕ್ಕಿಂತ ಚಂದ ಆಯಿತು. ನಾನೇ ಹೇಳಬಾರದು, ಆದರೆ ನೋಡಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ, ಆದ್ದರಿಂದ ಹೇಳುತ್ತೇನೆ. ನೆಟ್ಟಗೆ, ಸದ್ದಿಲ್ಲದೆ, ನಿಂತ ಜಾಗ ಒಂದು ಅಂಗುಲ ಬಿಡದೆ ತಿರುಗಿದೆ. ತಿರುಗುತ್ತಿದ್ದಾಗ ಪ್ರತಿ ಸುತ್ತಿಗೂ ಅಪ್ಪನ ರುಮಾಲು ಒಮ್ಮೆ ಹಾದುಹೋಗುತ್ತಿತ್ತು. ಈ ಸಲ ಅವನು ನನ್ನನ್ನೇ ನೋಡುತ್ತಿದ್ದ. ನಿಂತಾಗ ಬಂದ ಚಪ್ಪಾಳೆ ಧಾರವಾಡದ ನನ್ನ ಮಾವನ ಮಕ್ಕಳಿಗೆ ಎಂದೂ ಬಂದಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಸೆಕ್ರೆಟರಿ ಸಾಹೇಬರು ಎದ್ದು ನಮ್ಮವರ ಕಡೆ ಬಂದರು. ನಾನೂ ಗಾಲಿಯ ಮೇಲೆಯೇ ಅಲ್ಲಿಗೆ ಸಾಗಿದೆ. ಅಪ್ಪ ಗಡಬಡಿಸಿ ಎದ್ದು ನಿಂತ. "ಹುಡುಗಿ ಉಲ್ಟಾ ತಿರುಗಿದಳಲ್ಲ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪನ ಬಾಯಿಂದ "ಯಸ್ ಸರ್" ಬರುತ್ತದೆಂದು ನಾನು ಕಾದೆ.

"ಇಲ್ಲ ಸರ್," ಎಂದ ಅಪ್ಪ. ರುಮಾಲು ಸರಿಮಾಡಿಕೊಂಡು ಮುಂದುವರಿಸಿದ. "ನಮ್ಮ ಮನೆಯಲ್ಲಿ ಅದೇ ಸರಿಯಾದ ದಿಕ್ಕು."

ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಆಮೇಲೆ ನಕ್ಕು, ಎರಡು ಮಾತು ಹೇಳಿ ಹೋದರು. ಅಪ್ಪ ಹಾಗೇ ನಿಂತಿದ್ದ. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಏನಂದ್ರೋ?" ಎಂದು ಅಜ್ಜಿ ಅವನ ಕೋಟು ಹಿಡಿದು ಜಗ್ಗಿದಳು.

"ಮುಂದಿನ ಶನಿವಾರದಿಂದ ಮಗಳನ್ನ ಕಳಸ್ರಿ ಅಂದ್ರವ್ವಾ."

ಅಜ್ಜಿ ಧಾಬಳಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಳು. ನನ್ನ ಹತ್ತಿರ ಬಂದು, ಚರ್ಮ ಗಿರ್ಮ ನೋಡದೆ, ಸ್ಕೇಟಿನ ಸಮೇತ ನಿಂತ ನನ್ನ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಒತ್ತಿ ಲಟಿಕೆ ಮುರಿದಳು.

"ಕಳಸ್ರಿ ಅಂತ ಅವರೇನು ಹೇಳೂದು?" ಎಂದಳು. "ಬರತಾಳಂತ ನೀನೇ ಹೇಳು ಹೋಗು."